ಈಜುಕೊಳದ ಕ್ಲಬ್ಬು ಮತ್ತು ಪಂಚರ್ ಅಂಗಡಿ ಚಾಚಿ

ತಲೆಗೆ ಹಾಕಿಕೊಳ್ಳುವ ರಬ್ಬರ್ ಟೋಪಿಯೊಂದನ್ನು ಕ್ಲಬ್ಬಿನ ಹುಡುಗಿ ನನ್ನ ಕೈಗಿಟ್ಟಳು. ಮೂಗಿನ ಹತ್ತಿರ ಬಂತೋ ಇಲ್ಲವೋ, ಅಯ್ಯೋ, ಅದೇ ಲಾರಿ ಟ್ಯೂಬಿನ ವಾಸನೆ! ಹತ್ತಿರ ಹತ್ತಿರ ನಲವತ್ತು ವರ್ಷವಾಗಿತ್ತು ಆ ವಾಸನೆ ಮೂಗಿಗೆ ಬಡಿದು...

ಶ್ರೀರಂಗಪಟ್ಟಣದ ಹೊರಗೆ ಹೊಸದಾಗಿ ತೆರೆದಿದ್ದ ಆ ಕ್ಲಬ್ಬನ್ನು ನೋಡಿ ಬರಲು ಪಾಂಡವಪುರದಿಂದ ನಾವು ಗಂಡ ಹೆಂಡತಿ ಇಬ್ಬರೂ ಹೋಗಿದ್ದೆವು. ಸದಸ್ಯತ್ವಕ್ಕೆ ಒಂದೂವರೆ ಲಕ್ಷ. ಒಂದು ದಿನ ಪುಕ್ಕಟೆ ನೋಡಬಹುದು, ಆಮೇಲೆ ಬೇಕೋ ಬೇಡವೋ ಹೇಳಬೇಕು. ನನ್ನ ಕಣ್ಣಿದ್ದದ್ದು ಈಜುಕೊಳದ ಮೇಲೊಂದೇ. ಬೆಳಿಗ್ಗೆ ಒಂದು ಗಂಟೆ ಹೊತ್ತು ಹೆಂಗಸರಿಗೇ ಮೀಸಲು! ನಮ್ಮ ಯಜಮಾನರು ಮೂರು ದಿನದಿಂದ ಒಂದೇ ರಾಗ ಎಳೆಯುತ್ತಿದ್ದರು. "ಐವತ್ತೆರಡು ವರ್ಸಕ್ಕೆ ಇದೇನು ಉಚ್ಚು ಕಣೆ? ಅಷ್ಟು ದುಡ್ಗೆ ಮನೆ ಮ್ಯಾಲೆ ಒಂದು ರೂಮೇ ಎತ್ಬೋದು."

ಹುಚ್ಚು ಹಿಡಿಸಿದ್ದು ಚಾಚಿ. ಶ್ರೀರಂಗಪಟ್ಟಣದಲ್ಲಿ ನಾನು ಹುಡುಗಿಯಾಗಿದ್ದಾಗ ಅವರದು ನಮ್ಮ ಪಕ್ಕದ ಮನೆ. ಗಂಡನದು ಪಂಚರ್ ಅಂಗಡಿ. ಭಾನುವಾರ ಬೆಳಗಾದರೆ ಚಾಚಿ ಲಾರಿ ಟ್ಯೂಬೊಂದನ್ನು ಹೆಗಲಿಗೇರಿಸಿ ಹೊಳೆಗೆ ಹೊರಟುಬಿಡುತ್ತಿದ್ದರು. ಬೀದಿಯ ಹುಡುಗಿಯರೆಲ್ಲ ಲಂಗ ಎತ್ತಿಕಟ್ಟಿಕೊಂಡು ಅವರ ಹಿಂದೆ. ಚಾಚಿ ಸೊಂಟಕ್ಕೆ ಸೀರೆ ಸಿಕ್ಕಿಸಿ ಎದೆಮಟ್ಟ ನೀರಲ್ಲಿ ನಿಂತು ಕೂಗುತ್ತಿದ್ದರು, "ಮೆಟ್ಲ ಮ್ಯಾಲೆ ಕೂತ್ಕಂಡು ನೀರು ತಣ್ಗದಾ ಅಂತ ಕೇಳ್ಬ್ಯಾಡಿ, ಇಳೀರೇ!" ಬೆನ್ನಡಿಗೆ ಅವರ ಅಂಗೈ ಇರುತ್ತಿತ್ತು. "ಮೈ ಸಡ್ಲ ಬುಡು ಬೇಟಿ, ನೀರೇ ಎತ್ಕತದೆ." ಒಂದು ದಿನ ಎತ್ತಿಕೊಂಡೇಬಿಟ್ಟಿತು! ಕಿವಿಯೊಳಗೆ ನೀರು, ಕಣ್ಣೆದುರು ಬರೀ ಆಕಾಶ... ಮನೆಗೆ ಓಡಿಬಂದು ಕುಣಿದಾಡಿದ್ದೆ.

ಕೈಕಾಲು ಬಡಿದು ಮುಂದಕ್ಕೆ ಹೋಗುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ನಾನು ದೊಡ್ಡವಳಾದೆ. ಅಮ್ಮ ಹೊಳೆ ಬಿಡಿಸಿದಳು. ಸುದ್ದಿ ತಿಳಿದು ಚಾಚಿ ನಮ್ಮ ಅಂಗಳಕ್ಕೇ ಬಂದರು. "ಒಂದೇ ಒಂದು ವಾರ ಬುಡಕ್ಕ, ಕಲ್ತ್ಕಬುಡ್ತಾಳೆ." ಅಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಚಾಚಿ ನನ್ನ ಕಡೆ ತಿರುಗಿದರು. "ನೀನೇ ಯೋಳು ಬೇಟಿ. ನಿಂಗೆ ಬೇಕಾ, ಬ್ಯಾಡ್ವಾ?"

ಅಮ್ಮನ ಮುಖ ನೋಡಿದೆ. "ಬ್ಯಾಡ" ಅಂದೆ.

ಅವರು ಬಯ್ಯಲಿಲ್ಲ. ತಲೆ ಸವರಿ ಹೊರಟುಹೋದರು. ಮುಂದಿನ ಭಾನುವಾರ ಹುಡುಗಿಯರ ಗಲಾಟೆ ಬೀದಿಯಲ್ಲಿ ಕೇಳುತ್ತಿದ್ದಾಗ ನಾನು ಒಳಗೆ ಕೂತು ಅತ್ತೆ.

ಆಮೇಲೆ ಮದುವೆಯಾಗಿ ಪಾಂಡವಪುರಕ್ಕೆ ಬಂದೆ. ಚಾಚಿ ನಾಗಮಂಗಲದ ಮಗಳ ಮನೆ ಸೇರಿದ್ದಾರೆಂದು ಯಾರೋ ಹೇಳಿದ್ದರು. ಅವರು ತೀರಿಕೊಂಡ ಸುದ್ದಿಯೂ ಹಾಗೇ, ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಕಿವಿಗೆ ಬಿತ್ತು...

ಕ್ಲಬ್ಬಿನ ಕೊಳಕ್ಕಿಳಿದವಳು ಮೊದಲು ಕಂಬಿ ಬಿಡಲೇ ಇಲ್ಲ. ಕೊನೆಗೆ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದೆ. ತೇಲಿದೆ! ದೇವರಾಣೆಗೂ ತೇಲಿದೆ! ಪಕ್ಕದ ಹೆಂಗಸರು ಬೆಚ್ಚಿಬೀಳುವಂತೆ ಕೂಗಿಕೊಂಡೆ.

ಒದ್ದೆ ತಲೆಯಲ್ಲೇ ಆಫೀಸಿಗೆ ಬಂದೆ. ಮ್ಯಾನೇಜರು ಯಜಮಾನರನ್ನು ಕೇಳುತ್ತಿದ್ದ, "ಏನ್ ಸಾರ್, ಮಾಡ್ಸೋದಾ?" ಅವರು ಬಾಯಿ ತೆರೆಯುವ ಮೊದಲೇ ನಾನಂದೆ, "ಮಾಡ್ಸೋದೇ. ರೂಮು ಮುಂದಿನ ವರ್ಸ ಎತ್ತೋವ." ಯಜಮಾನರು ನನ್ನನ್ನೇ ನೋಡಿದರು. ನಕ್ಕುಬಿಟ್ಟರು. "ಸರಿ ಬುಡು, ಇಷ್ಟೊಂದು ಕುಸಿಯಾಗಿ ನಿನ್ನ ನೋಡೇ ಇರ್ನಿಲ್ಲ," ಎಂದು ಪೆನ್ನು ಕೊಟ್ಟರು.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಈಜು ಬರುತ್ತದೆಯೇ? 'ಅರ್ಧ' ಎಂದು ಬರೆದೆ. ಉಳಿದರ್ಧ ಹೇಳಿಕೊಡಲು ಅಲ್ಲೊಬ್ಬ ಹುಡುಗಿ ಇದ್ದಾಳೆ, ನಾಳೆಯಿಂದಲೇ ಶುರು. ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ! ಆದರೆ ಮೊದಲರ್ಧ ಕಲಿಸಿದವರ ಮುಂದೆ ನಿಂತು, "ಅವತ್ತು ಸುಳ್ಳು ಹೇಳ್ದೆ ಚಾಚಿ" ಅನ್ನಬೇಕಿತ್ತು. ನಾಗಮಂಗಲಕ್ಕೆ ಬಸ್ಸಿತ್ತು, ಗಂಟೆಯ ದಾರಿ. ಇಪ್ಪತ್ತೈದು ವರ್ಷ ಅವರು ಅಲ್ಲೇ ಇದ್ದರು. ನಾನು ಹೋಗಲಿಲ್ಲ.