ಆರನೇ ಮಂಚದ ನೀರು

ಕೋಳಿ ಇನ್ನೂ ಕೂಗಿಲ್ಲ. ಕೂಡ್ಲಿಗಿ ಹೆದ್ದಾರಿಯಿಂದ ತುಸು ಒಳಗೆ, ಜಾಲಿಮರಗಳ ಹಿಂದೆ, ದಿಕ್ಕಿಲ್ಲದ ಮುದುಕರು ಕಡೆಗಾಲಕ್ಕೆ ಬಂದು ಸೇರುವ ಒಂದು ಆಶ್ರಯಮನೆ. ಐವತ್ತೆಂಟರ ಸುವಾರ್ತಮ್ಮ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಒಳಗೆ ಬರುತ್ತಾರೆ. ಹನ್ನೊಂದು ಮಂಚ, ಹತ್ತು ಉಸಿರು. ಆರನೆಯದು ಖಾಲಿ. ಮೊದಲ ಲೋಟ ನೀರು ಆ ಖಾಲಿ ಮಂಚದ ಪಕ್ಕಕ್ಕೇ. ಬೆಳಕು ಹರಿಯುವಷ್ಟರಲ್ಲಿ ನೀರು ಎರಡು ಬೆರಳು ಇಳಿದಿರುತ್ತದೆ. ಬೆಕ್ಕಿರಬೇಕು ಅನ್ನುತ್ತಾರೆ ಅಡುಗೆಯ ಮೀರಾಬಿ. ಅಲ್ಲಿ ಬೆಕ್ಕು ಕಂಡವರಿಲ್ಲ.

"ಪಾದ್ರಿ ಬೈತಾರ. ಪೂಜಿ ಅಲ್ರಿ ಇದು, ನೆನಪು," ಅನ್ನುತ್ತಾರೆ ಸುವಾರ್ತಮ್ಮ.

ತವರೂರು ಹೊಳಲು. ಗಂಡ ತೀರಿಕೊಂಡ ಮೇಲೆ, ಹದಿನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದರು. ದಿನಕ್ಕೆ ಇಪ್ಪತ್ತು ಕೊಡ ನೀರು, ಮೂರು ಸಲ ನೆಲ ಒರೆಸುವುದು, ಹತ್ತು ಮೈ ತೊಳೆಯುವುದು. ಮೊದಲೆಲ್ಲ ಹೊದಿಕೆಯಲ್ಲಿ ಒಂದು ಸುಕ್ಕು ಕಂಡರೂ ಕಿತ್ತು ಮತ್ತೆ ಹಾಸುತ್ತಿದ್ದರಂತೆ. "ದೇವರ ಕೆಲಸದಾಗ ಕೊರತಿ ಇರಬಾರದು ಅಂತಿದ್ದೆ. ದೇವರಿಗೂ ಮೇಸ್ತ್ರಿ ಆಗಿದ್ನಿ ನೋಡ್ರಿ."

ಏಳು ವರ್ಷದ ಹಿಂದೊಂದು ಬೆಳಗು, ಆರನೇ ಮಂಚದ ಗಾದೆಪ್ಪಜ್ಜ ನೀರು ಕೇಳಿದರು. "ಲೋಟದ ತಳದಾಗ ಮಸಿ ಇತ್ತು. ಬೂದಿ ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ಮತ್ತ ತಿಕ್ಕಿದೆ. ಫಳಫಳ ಮಾಡ್ಕೊಂಡು ಬಂದ್ರ ಅಜ್ಜನ ಬಾಯಿ ತೆರದೇ ಇತ್ತು, ಉಸಿರಿರಲಿಲ್ಲ. ತಣ್ಣೀರು ಕೊಟ್ಟೋರನ್ನ ಯೇಸುಸ್ವಾಮಿ ಮರಿಯಂಗಿಲ್ಲಂತ. ಲೋಟ ಹೊಳೀಬೇಕಂತ ಆತ ಎಲ್ಲಿ ಹೇಳ್ಯಾನ?"

ಅಂದಿನಿಂದ ಆ ಮಂಚಕ್ಕೆ ಯಾರೂ ಒಲ್ಲರು. ಹೊರಡುವ ಹೊತ್ತು ಬಂದವರಿಗಷ್ಟೇ ಅಜ್ಜ ಅಲ್ಲಿ ಕುಳಿತದ್ದು ಕಾಣುತ್ತದಂತೆ. ನಾಲ್ವರು ಕಂಡರು. ನಾಲ್ವರೂ ಅದೇ ದಿನ ಹೋದರು.

ಇವತ್ತು ಒಂಬತ್ತನೇ ಮಂಚದಿಂದ ಕೆಂಚಕ್ಕನ ದನಿ ಏಳುತ್ತದೆ. "ಸುವಾರ್ತಿ, ಆ ಮುದುಕ ಯಾರಬೇ? ನನ್ನ ಕಡಿನೇ ನೋಡಾಕತ್ಯಾನ. ನೀರು ಕೊಡು."

ನೆಲ ಅರ್ಧ ಮಾತ್ರ ಒರೆಸಿ ಆಗಿದೆ. ಕೈಗೆ ಸಿಕ್ಕಿದ್ದು ಚಹಾದ ಕರೆ ಹಿಡಿದ, ನೆಗ್ಗಿದ ಲೋಟ. ಒರೆಸಲೆಂದು ಸುವಾರ್ತಮ್ಮನ ಕೈ ಸೆರಗಿನ ತನಕ ಹೋಗಿ, ನಿಂತು, ಹಿಂದೆ ಬರುತ್ತದೆ. ಹಾಗೇ ಕೊಡದಲ್ಲಿ ಅದ್ದಿ ಓಡುತ್ತಾರೆ. ಅರ್ಧ ನೀರು ಕೆಂಚಕ್ಕನ ಕೊರಳಿಗೆ ಚೆಲ್ಲುತ್ತದೆ. ಮೂರು ಗುಟುಕು ಒಳಗೆ ಇಳಿಯುತ್ತದೆ.

"ಚಾದ ವಾಸನಿ ಹೊಡಿತೈತಲ್ಲಬೇ. ನಿಮ್ಮ ಯೇಸಪ್ಪನ ಮನ್ಯಾಗೂ ಇಂಥಾವೇ ಲೋಟ ಏನು?"

"ಹೆಂಗೂ ಹೊಂಟೀದಿ, ನೋಡಿ ಹೇಳು."

"ಸಾಯೋರ ಜೋಡಿ ಆಡೋ ಮಾತೇನವಾ ಇವು," ಎಂದು ಬಾಗಿಲಲ್ಲಿ ನಿಂತ ಮೀರಾಬಿ ಗದರುತ್ತಾರೆ. ಕೆಂಚಕ್ಕ ನಗುತ್ತಾರೆ. ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ, ಸುವಾರ್ತಮ್ಮನ ಅಂಗೈಯೊಳಗಿನ ಕೈ ತಣ್ಣಗಾಗುತ್ತದೆ. ತುಟಿ ಮಾತ್ರ ಇನ್ನೂ ಒದ್ದೆ.

ಒದ್ದೆ ನೆಲದ ಮೇಲೆ ಆರನೇ ಮಂಚದಿಂದ ಒಂಬತ್ತರವರೆಗೆ ಹೆಜ್ಜೆ ಮೂಡಿವೆ. ಉದ್ದನೆಯ, ಗಂಡಸಿನ ಪಾದ. ಹೋದದ್ದಿದೆ, ವಾಪಸು ಬಂದದ್ದಿಲ್ಲ. ಮೀರಾಬಿ ಒರೆಸುವ ಬಟ್ಟೆ ಎತ್ತಿಕೊಂಡರೆ ಸುವಾರ್ತಮ್ಮ ಬೇಡ ಅನ್ನುತ್ತಾರೆ. ಎಂಟನೇ ಮಂಚದವರಿಗೆ ಗಂಜಿ ಉಣಿಸುವುದಿದೆ, ಅದು ಮೊದಲು.

ನಿಮಗೆ ಆಸೆ ಏನಾದರೂ ಉಂಟೇ ಎಂದು ಕೇಳಿದರೆ ಸುವಾರ್ತಮ್ಮ ಚಮಚ ತಡೆದು ಯೋಚಿಸುತ್ತಾರೆ.

"ನನ್ನ ಸರದಿ ಬಂದಾಗ ಯಾರರ ಕೈಯಾಗಿನ ಕೆಲಸ ಅರ್ಧಕ್ಕ ಬಿಟ್ಟು ಬರಬೇಕ್ರಿ. ಕೈ ತೊಳಕೊಂತ ನಿಂದ್ರಬಾರದು."