ಪೇಟಿ ಮುಟ್ಟದೆ ಕೂತ ಸಂಜೆ

ಪೇಟಿಯ ಮುಚ್ಚಳ ತೆರೆದ ಕೂಡಲೇ ಜ್ಯೇಷ್ಠಮಧುವಿನ ವಾಸನೆ ಬಂತು. ಕೆಲವು ವರ್ಷಗಳಿಂದ ನಮ್ಮ ಮನೆಯ ಮೂಲೆಯಲ್ಲಿ ಚಾದರ ಹೊದ್ದು ನಿಂತಿದ್ದ ಪೇಟಿ ಅದು. ಕಾಲಿನಿಂದ ಗಾಳಿ ತುಂಬುತ್ತ ಎರಡೂ ಕೈಯಲ್ಲಿ ನುಡಿಸುವ, ನಾಟಕದವರ ದೊಡ್ಡ ಹಾರ್ಮೋನಿಯಂ. ಮುಚ್ಚಳದ ಸಂದಿಯಲ್ಲಿ ಬೆರಳುದ್ದದ ಬೇರಿನ ತುಂಡೊಂದು ಸಿಕ್ಕಿಕೊಂಡಿತ್ತು. ಅದರ ಒಂದು ತುದಿ ಹಲ್ಲಿಗೆ ಸಿಕ್ಕು ನಾರುನಾರಾಗಿತ್ತು. ಎದುರುಮನೆ ಕಾಕಾ ಹಾಡುವ ಮುಂಚೆ ಗಂಟಲಿಗೆಂದು ಅದನ್ನು ಕಚ್ಚುತ್ತಿದ್ದರು. ಸರದಿ ಬಂದಾಗ ಬಾಯಿಂದ ತೆಗೆದು ನನ್ನ ಪೇಟಿಗೆ ಸಿಕ್ಕಿಸಿ ಮೈಕಿನ ಮುಂದೆ ಹೋಗುತ್ತಿದ್ದರು. "ಎಂಜಲಾ ಇಲ್ಲಿ ಇಡಬ್ಯಾಡ್ರಿ ಕಾಕಾ" ಎಂದು ಎಷ್ಟು ಸಲ ಸಿಡುಕಿದ್ದೇನೋ. ಕೊನೆಯ ಸಲ ಸಿಕ್ಕಿಸಿದ್ದನ್ನು ತೆಗೆದುಕೊಳ್ಳಲು ಅವರು ವಾಪಸು ಬರಲಿಲ್ಲ...

ಇಳಕಲ್ಲಿನ ನಮ್ಮ ಓಣಿಯ ಬಾಯಲ್ಲಿ ಅವರ ಭಾಂಡೆ ಅಂಗಡಿ ಇತ್ತು. ಬೋಗುಣಿ ಕೊಳ್ಳಲು ಬಂದವರ ಮುಂದೆ ಅದನ್ನು ಬೆರಳಿನಿಂದ ಬಡಿದು, ಕಿವಿ ಹತ್ತಿರ ಹಿಡಿದು, "ಇದು ಕಪ್ಪು ಎರಡು ನೋಡ್ರಿ. ನಿಮ್ಮ ಮನ್ಯಾಗ ಸಾರು ಸ್ವರದಾಗ ಕುದೀತದ" ಅನ್ನುತ್ತಿದ್ದರು. ಕಪ್ಪು ಎರಡು ಅಂದರೆ ಪೇಟಿಯಲ್ಲಿ ಬೆರಳಿಟ್ಟು ಒತ್ತುವ ಎರಡನೆಯ ಕಪ್ಪು ಮನೆ, ಅವರು ಹಾಡುತ್ತಿದ್ದ ಶ್ರುತಿ. ಗಿರಾಕಿಗಳಿಗೆ ಏನೂ ತಿಳಿಯುತ್ತಿರಲಿಲ್ಲ, ನಗುತ್ತ ಕೊಂಡುಹೋಗುತ್ತಿದ್ದರು. ನಾನು ಹುನಗುಂದದ ಒಂದು ಕಚೇರಿಯಲ್ಲಿ ಗುಮಾಸ್ತ. ಸಂಜೆ ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದು, "ಬಾರೋ ತಮ್ಮಾ, ಒಂದೀಟು ಪೇಟಿ ಹಿಡಿ" ಎಂದು ಕರೆಯುತ್ತಿದ್ದರು. ಮನೆಯಲ್ಲಿ ಚಹಾ ಕುಡಿಯುವ ಮೊದಲೇ ಅವರ ಮನೆಯಲ್ಲಿ ಕುಡಿದಿರುತ್ತಿದ್ದೆ.

ನಮ್ಮದೊಂದು ಹವ್ಯಾಸಿ ನಾಟಕ ಮಂಡಳಿ. ಹೆಸರಿಗೆ ನಾಟಕ, ಜೀವವೆಲ್ಲ ಹಾಡಿನಲ್ಲಿ. ತಬಲಾಕ್ಕೆ ಹೈಸ್ಕೂಲಿನ ಮಾಸ್ತರರು, ಪೇಟಿಗೆ ನಾನು, ರಾಜನ ಪಾತ್ರಕ್ಕೆ ಕಾಕಾ. ಯುದ್ಧದಲ್ಲಿ ಪೆಟ್ಟು ತಿಂದ ರಾಜ ಕೋಟೆಯ ಬಾಗಿಲಲ್ಲಿ ಮಗಳಿಗೆ ಕೊನೆಯ ಮಾತು ಹೇಳುವ ಹಾಡೊಂದಿತ್ತು. ಕೊನೆಯ ಸ್ವರವನ್ನು ಉಸಿರಿರುವ ತನಕ ಎಳೆದು, ಧೊಪ್ಪೆಂದು ಬೀಳುವುದು. ಚಷ್ಮಾ ಇಲ್ಲದಿದ್ದರೆ ಕಾಕಾಗೆ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ನಮ್ಮ ರಾಜನಿಗೆ ಕಿರೀಟದ ಕೆಳಗೆ ಚಷ್ಮಾ ಇರುತ್ತಿತ್ತು, ಜನ ಅದನ್ನು ಒಪ್ಪಿಕೊಂಡಿದ್ದರು. ಬೀಳುವ ಮುನ್ನ ಮಾತ್ರ ಮರೆಯದೆ ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಸಾಯುವಾಗಲೂ ಹುಷಾರಿ ಬಿಡದ ರಾಜ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ನಮ್ಮ ಕಡೆಯ ನಾಟಕ ನೋಡಿದವರಿಗೆ 'ಒನ್ಸ್ ಮೋರ್' ಏನೆಂದು ಹೇಳಬೇಕಾಗಿಲ್ಲ. ಹಾಡು ಮನಸ್ಸಿಗೆ ಹಿಡಿಸಿದರೆ ಜನ ಕೂಗುತ್ತಾರೆ. ಪೇಟಿಯವನು ಮೊದಲಿನ ಸ್ವರ ಹಿಡಿಯುತ್ತಾನೆ. ಆ ಸ್ವರ ಕೇಳಿದ ಕೂಡಲೇ ಸತ್ತ ರಾಜ ಎದ್ದು, ಧೂಳು ಕೊಡವಿಕೊಂಡು, ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಇದರಲ್ಲಿ ಯಾರಿಗೂ ನಗೆ ಬರುವುದಿಲ್ಲ. ಎರಡನೆಯ ಸಲ ಸತ್ತಾಗ ಜನ ಇನ್ನೂ ಹೆಚ್ಚು ಅಳುತ್ತಾರೆ. ಆದರೆ ಪೇಟಿ ನುಡಿಯದೆ ಸತ್ತವನು ಏಳುವಂತಿಲ್ಲ, ಅದು ಕಾಕಾ ಪಾಲಿಸುತ್ತಿದ್ದ ನೇಮ.

ಒಮ್ಮೆ ಹುನಗುಂದದಲ್ಲಿ ಹೊತ್ತಾಯಿತೆಂದು ನಾನು ಒನ್ಸ್ ಮೋರನ್ನು ನುಂಗಿಹಾಕಲು ನೋಡಿದೆ. ಕಾಕಾ ಮಲಗಿದಲ್ಲಿಂದ ಅಲುಗಲಿಲ್ಲ. ಮುಂದಿನ ದೃಶ್ಯದ ಹಾಸ್ಯ ಪಾತ್ರಧಾರಿ ಒಳಗೆ ಬಂದವನು ರಾಜನ ಹೆಣ ನೋಡಿ ತಬ್ಬಿಬ್ಬಾಗಿ ವಾಪಸು ಹೋದ. ಕಡೆಗೆ ನಾನೇ ಸೋತು ಸ್ವರ ಹಿಡಿದೆ, ಅವರು ಎದ್ದರು. "ಜನಾ ಕೇಳ್ಯಾರಂದ ಮ್ಯಾಲೆ ನಾ ಹೆಂಗ ಸತ್ತ ಇರಲಿ?" ಎಂದು ಬಸ್ಸಿನಲ್ಲಿ ನನಗೆ ಬೈದರು.

ಆಮೇಲೆ ಅವರಿಗೆ ಎದೆನೋವು ಬಂತು. ಬಾಗಲಕೋಟೆಯ ದವಾಖಾನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಹಾಡು ನಿಂತಿತು. ಅಂಗಡಿಯಲ್ಲಿ ಸುಮ್ಮನೆ ಕೂರುತ್ತಿದ್ದರು, ಬೋಗುಣಿಯನ್ನು ಬಡಿಯದೆಯೇ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಬಾದಾಮಿಯಿಂದ ಕರೆ ಬಂತು. ಇಡೀ ನಾಟಕ ಬೇಡ, ಹೆಸರಾದ ನಾಟಕದ ಹಾಡುಗಳನ್ನಷ್ಟೇ ಒಂದು ಸಂಜೆ ಹಾಡಿರಿ ಎಂದರು. ಬಣ್ಣವಿಲ್ಲ, ಕಿರೀಟವಿಲ್ಲ, ಎಲ್ಲರಿಗೂ ಬಿಳಿ ಬಟ್ಟೆ. ಕಾಕಾ ತಾವೂ ಬರುವುದಾಗಿ ಹಟ ಹಿಡಿದರು. ಡಾಕ್ಟರು, ಹಗುರಾಗಿ ಒಂದು ಹಾಡು ಹಾಡಿದರೆ ಅಡ್ಡಿಯಿಲ್ಲ ಅಂದರಂತೆ. ಅವರ ಹೆಂಡತಿ, ನಮ್ಮ ಕಾಕು, ನಮ್ಮ ಮನೆಗೇ ಬಂದರು.

"ಹಾಡದ ಇದ್ರ ಅವರು ಕುಂತ ಕುಂತಲ್ಲೇ ಹೋಗ್ತಾರ, ಅದಕ್ಕ ಹೂಂ ಅಂದೀನಿ. ಆದ್ರ ಒಂದ ಸಲ ತಮ್ಮಾ. ಜನಾ ಹುಚ್ಚರಂಗ ಒದರ್ತಾರ, ನಿನ್ನ ಪೇಟಿ ಕೇಳಿದ್ರ ಇವರು ಎದ್ದ ಬಿಡ್ತಾರ. ನೀ ನುಡಿಸಬ್ಯಾಡ. ಪೇಟಿ ಮುಟ್ಟಿ ಹೇಳು."

ನಾನು ಪೇಟಿ ಮುಟ್ಟಿ ಹೇಳಿದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ.

ಬಾದಾಮಿಯ ಆ ಕಲ್ಯಾಣ ಮಂಟಪ ತುಂಬಿಹೋಗಿತ್ತು. ಚೊಳಚಗುಡ್ಡದಿಂದಲೂ ಜನ ಬಂದಿದ್ದರು, ಬನಶಂಕರಿ ಜಾತ್ರೆಗೆ ಬರುವ ಕಂಪನಿಗಳ ನಾಟಕ ನೋಡುತ್ತ ಬೆಳೆದವರು. ಅಂಥವರನ್ನು ಸುಮ್ಮನಿರಿಸುವುದು ಕಷ್ಟ ಎಂದು ನನಗೆ ಆಗಲೇ ಅಳುಕಿತ್ತು. "ಇಲ್ಲಿ ಬೀಳೂದು ಬ್ಯಾಡ್ರಿ ಕಾಕಾ, ಬರೇ ಹಾಡು ಸಾಕು" ಅಂದೆ. ಅವರು ಬೇರಿನ ತುಂಡನ್ನು ಪೇಟಿಗೆ ಸಿಕ್ಕಿಸುತ್ತ, "ಬೀಳದ ಇದ್ರ ಹಾಡು ಮುಗೀತಂತ ಯಾರಿಗೆ ತಿಳೀತದ?" ಅಂದರು. ಕಣ್ಣಲ್ಲಿ ಹಳೆಯ ತುಂಟತನ ಕಂಡು ನನಗೆ ಖುಷಿಯಾಯಿತು.

ಹಾಡಿದರು. ಅಷ್ಟು ದಿನ ಒಳಗೆ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟು ಹಾಡಿದರು. ಕೊನೆಯ ಸ್ವರ ಎಂದಿನಷ್ಟು ಉದ್ದ ಹೋಗಲಿಲ್ಲ, ನಡುವೆಯೇ ಮುರಿಯಿತು. ಅದೂ ಚೆಂದವೇ ಕೇಳಿಸಿತು. ಕಾಕಾ ಧೊಪ್ಪೆಂದು ಬಿದ್ದರು.

ಮಂಟಪ ಒಡೆದುಹೋಗುವಂತೆ ಚಪ್ಪಾಳೆ. ಹಿಂದೆಯೇ 'ಒನ್ಸ್ ಮೋರ್, ಒನ್ಸ್ ಮೋರ್.' ನಾನು ಕೈಗಳನ್ನು ಪೇಟಿಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಮುಂದಿನ ಸಾಲಿನಲ್ಲಿದ್ದ ಕಾಕು ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯಾಡಿಸಿದರು. ನಾನು ಕೈ ಎತ್ತಿದ್ದು ಕಂಡು ಸಮಾಧಾನದಿಂದ ಸೆರಗು ಸರಿಮಾಡಿಕೊಂಡರು.

ಕಾಕಾ ಏಳಲಿಲ್ಲ. ಹುನಗುಂದದ ಹಟ ಮತ್ತೆ ಶುರುವಾಯಿತು ಅಂದುಕೊಂಡೆ. ಈ ಸಲ ಸೋಲುವುದಿಲ್ಲ ಎಂದು ಬಿಗಿಯಾಗಿ ಕೂತೆ. ಹಿಂದಿನಿಂದ ಯಾರೋ, "ಪೇಟಿ ಮಾಸ್ತರ, ಹಿಡೀರಿ ಸ್ವರ. ರಾಜಾ ಕಾಯಾಕತ್ತಾನ" ಎಂದರು, ಜನ ನಕ್ಕರು. ನಾನೂ ನಕ್ಕೆ. ಕಾಕಾನ ಕಡೆ ಬಾಗಿ ಮೆಲ್ಲಗೆ ಹೇಳಿದೆ: "ಏಳ್ರಿ ಕಾಕಾ. ಇವತ್ತು ನಾ ನುಡಸೂದಿಲ್ಲ. ಕಾಕುಗ ಮಾತು ಕೊಟ್ಟೀನಿ."

ಆಗ ಚಷ್ಮಾ ಕಂಡಿತು. ಅದು ಅವರ ಮುಖದ ಮೇಲೇ ಇತ್ತು. ಒಂದು ಗಾಜು ಒಡೆದಿತ್ತು.

ಏಳಲು ಹೋದವನು ಮುಗ್ಗರಿಸಿ ಎರಡೂ ಕೈಗಳನ್ನು ಪೇಟಿಯ ಮೇಲೆ ಊರಿದೆ. ಒಳಗೆ ಉಳಿದಿದ್ದ ಗಾಳಿಗೆ ಸಿಕ್ಕ ಸಿಕ್ಕ ಸ್ವರಗಳೆಲ್ಲ ಒಟ್ಟಿಗೆ ಒದರಿದವು. ಪೇಟಿ ಶುರುವಾಯಿತೆಂದು ಇಡೀ ಮಂಟಪ ಸಂತೋಷದಿಂದ ಚಪ್ಪಾಳೆ ತಟ್ಟಿತು. ಅಷ್ಟೂ ಜನರಲ್ಲಿ ಕಾಕು ಒಬ್ಬರೇ ಎದ್ದು ನಿಂತು, ಸಿಟ್ಟಿನಿಂದ, "ಬ್ಯಾಡ ಅಂದಿದ್ನಿಲ್ಲೋ, ಬ್ಯಾಡ ಅಂದಿದ್ನಿಲ್ಲೋ" ಎನ್ನುತ್ತಿದ್ದರು. ತಬಲಾ ಮಾಸ್ತರರು ಕಾಕಾನನ್ನು ಅಂಗಾತ ಹೊರಳಿಸಿದರು. ಚಪ್ಪಾಳೆ ಒಂದೊಂದೇ ಸಾಲಾಗಿ ನಿಂತಿತು...

ದವಾಖಾನೆಯಲ್ಲಿ ಡಾಕ್ಟರು, ಬಿದ್ದಾಗಲೇ ಎಲ್ಲ ಮುಗಿದಿತ್ತು, ಬೇಗ ತಂದಿದ್ದರೂ ಏನೂ ಆಗುತ್ತಿರಲಿಲ್ಲ ಅಂದರು. ಇರಬಹುದು. ಆದರೆ ನಾನು ಬೇರೊಂದು ಲೆಕ್ಕದಲ್ಲಿ ಸಿಕ್ಕಿಬಿದ್ದೆ. ಆಣೆ ಮುರಿದು ಸ್ವರ ಹಿಡಿದಿದ್ದರೆ, ಪೇಟಿ ಕೇಳಿಯೂ ಕಾಕಾ ಏಳದಿದ್ದರೆ, ಆ ಕ್ಷಣವೇ ಎಲ್ಲರಿಗೂ ತಿಳಿಯುತ್ತಿತ್ತು. ಮಾತು ಉಳಿಸಿಕೊಂಡದ್ದಕ್ಕೇ ಅವರು ಅಷ್ಟು ಹೊತ್ತು, ಅಷ್ಟು ಜನರ ನಡುವೆ, ಯಾರ ಕೈಯೂ ತಾಗದೆ ಒಬ್ಬರೇ ಬಿದ್ದಿದ್ದರು. ನಾನು ಮೊಳದಷ್ಟು ದೂರದಲ್ಲಿ ನಗುತ್ತ ಕೂತಿದ್ದೆ. ಇದನ್ನು ತಪ್ಪು ಅನ್ನಬೇಕೋ, ಏನನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿಯದ್ದಕ್ಕೇ ಆ ಪೆಟ್ಟು ಹಾಗೇ ಉಳಿದಿದೆ.

ಮಂಡಳಿ ತಾನಾಗಿ ಕರಗಿತು. ಪೇಟಿಗೆ ಚಾದರ ಹೊದಿಸಿದೆ. ಕಾಕು ದಿನಾ ಎದುರಿಗೇ ಕಾಣುತ್ತಿದ್ದರು. ಅಡುಗೆ, ಹವಾ, ಬಸ್ಸಿನ ಗದ್ದಲ, ಎಲ್ಲ ಮಾತಾಡುತ್ತಿದ್ದೆವು, ಅದೊಂದನ್ನು ಬಿಟ್ಟು.

ಮೊನ್ನೆ ರವಿವಾರ ಮಧ್ಯಾಹ್ನ ಅವರು ಬಂದರು. ಚಹಾ ಬೇಡವೆಂದರು. ಮೂಲೆಯ ಚಾದರವನ್ನು ನೋಡುತ್ತ, "ನುಡಿಸಬ್ಯಾಡ ಅಂದಾಕಿ ನಾನ. ನೀ ಯಾಕ ಸೊರಗ್ತಿ? ತಗಿ ಅದನ್ನ. ಆ ಹಾಡು ನುಡಿಸು" ಅಂದರು.

ಮುಚ್ಚಳ ತೆರೆದೆ, ವಾಸನೆ ಬಂತು. ಬೇರಿನ ತುಂಡನ್ನು ತೆಗೆದು ಕೊಟ್ಟಾಗ ಕಾಕು ಅದರ ನಾರನ್ನು ಬೆರಳಿನಿಂದ ಸವರಿ ನೋಡಿ, ಅಂಗೈಯಲ್ಲಿ ಮುಚ್ಚಿಕೊಂಡರು. ಪೇಟಿಯ ಕೆಲವು ಮನೆಗಳು ಹಿಡಿದುಕೊಂಡಿದ್ದವು, ಕಪ್ಪು ಎರಡು ಮಾತ್ರ ಸರಿಯಾಗಿ ನುಡಿಯಿತು. ಹಾಡನ್ನು ಕೊನೆಯ ತನಕ ನುಡಿಸಿ ಕೈ ಎತ್ತಿದೆ. ನಮ್ಮಿಬ್ಬರ ನಡುವೆ ಬರಿಯ ನೆಲವಿತ್ತು, ಇಬ್ಬರೂ ಅದನ್ನೇ ನೋಡಿದೆವು.

ಕಾಕು ಮೆಲ್ಲಗೆ, ನನಗಷ್ಟೇ ಕೇಳುವಂತೆ, "ಒನ್ಸ್ ಮೋರ್" ಅಂದರು.

ನಾನು ಮೊದಲಿನ ಸ್ವರ ಹಿಡಿದೆ. ಏಳುವವರು ಯಾರೂ ಇರಲಿಲ್ಲ.