ಫೈರ್‌ವಾಲ್ ಹಾಕಿದ ಮೇಡಂ

ಕೀಬೋರ್ಡಿನ ಮೇಲೆ ಕೈಯಿಡುವ ಮೊದಲು ನಮ್ಮ ಕಂಪ್ಯೂಟರ್ ಮೇಡಂ ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ತೆಗೆದ ಮೇಲೂ ಮುಂಗೈಯಲ್ಲಿ ಕೆಂಪು ಗೆರೆ ಉಳಿದಿರುತ್ತಿತ್ತು.

ತೊಂಬತ್ತರ ದಶಕದ ಕೊನೆ. ಚಿಂತಾಮಣಿಯಲ್ಲಿ ಅವರು ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿಗೆ ಆಗತಾನೇ ಇಂಟರ್ನೆಟ್ ಬಂದಿತ್ತು. ಪಿಯುಸಿ ಮುಗಿಸಿ ನಾನು ಅಲ್ಲಿ ಕಲಿಯುತ್ತಿದ್ದೆ. ಕೆಲವರು ಮೂಲೆಯಲ್ಲಿ ಕೂತು ಕೆಟ್ಟ ಚಿತ್ರ ನೋಡುತ್ತಾರೆಂಬ ಸುದ್ದಿ ಹಬ್ಬಿ, ಮನೆಯವರು ಹೆಣ್ಣುಮಕ್ಕಳನ್ನು ಬಿಡಿಸತೊಡಗಿದರು. ಮೇಡಂ ಯಾರನ್ನೂ ಗದರಲಿಲ್ಲ. ಅಲ್ಲಿನ ಎಲ್ಲ ಕಂಪ್ಯೂಟರುಗಳಿಗೂ ಇಂಟರ್ನೆಟ್ ಬರುತ್ತಿದ್ದುದು ಅವರ ಮೇಜಿನ ಯಂತ್ರದ ಮೂಲಕ. ಅದಕ್ಕೆ ಫೈರ್‌ವಾಲ್ ಹಾಕಿ, ಕೆಲವು ಇಂಗ್ಲಿಷ್ ಪದಗಳಿರುವ ಯಾವ ಪುಟವೂ ತೆರೆಯದಂತೆ ಮಾಡಿದರು. ಮೂಲೆಯವರು ಬರುವುದು ನಿಂತಿತು.

"ಹೋಗ್ಲಿ ಬಿಡ್ರಮ್ಮ. ನೀವು ಹೆದ್ರದೆ ಕೂತ್ಕೊಳ್ಳಿ," ಎಂದು ಮೇಡಂ ಉಳಿದಿದ್ದ ಹುಡುಗಿಯರಾದ ನಮಗೆ ಹೇಳಿದರು.

ಅದೇ ದಿನಗಳಲ್ಲಿ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಅಪ್ಪನಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಗಂಡಸು ಡಾಕ್ಟರ ಮುಂದೆ ಕೂರುವುದಿಲ್ಲವೆಂದು ಹಟ ಹಿಡಿದಳು. ನಾನು ಸೆಂಟರಿನಲ್ಲಿ ಕೂತು ಆ ಕಾಯಿಲೆಯ ಬಗ್ಗೆ ಹುಡುಕಿದೆ. ಒಂದು ಪುಟವೂ ತೆರೆಯಲಿಲ್ಲ. ಅನುಮತಿ ಇಲ್ಲವೆಂಬ ಸಾಲೊಂದೇ ಬಂತು. ನಾನು ಏನು ಹುಡುಕಿದೆನೆಂದು ಮೇಡಂಗೆ ಅವರ ಯಂತ್ರದಲ್ಲಿ ತಿಳಿಯುತ್ತದಲ್ಲ ಎಂದು ಹೊರಡಲು ಚೀಲಕ್ಕೆ ಕೈ ಹಾಕಿದೆ.

ಅವರು ಎದ್ದು ಬಂದು ಪಕ್ಕದಲ್ಲಿ ಕೂತರು. "ಏನು ಬೇಕಿತ್ತಮ್ಮ ನಿಂಗೆ?"

"ಅಮ್ಮಂಗೆ ಎದೇಲಿ ಗಂಟು, ಮೇಡಂ."

ಅವರು ಪರದೆಯ ಮೇಲಿದ್ದ ಸಾಲನ್ನು ಓದಿದರು. "ತಪ್ಪು ನಂದು ಕಣಮ್ಮ. ಎದೆಗಿರೋ ಇಂಗ್ಲಿಷ್ ಪದ ತಡೀವಾಗ ಕಾಯ್ಲೆಯೋರು ನೆನಪಿಗೇ ಬರ್ಲಿಲ್ಲ."

ಆ ಪದ ತೆಗೆದುಹಾಕಿ ನನ್ನ ಜೊತೆಗೇ ಕೂತು ಓದಿದರು. ಸಂಜೆ ನಮ್ಮ ಅಡುಗೆಮನೆಗೆ ಬಂದು, ಅಮ್ಮನ ಕೈ ಹಿಡಿದು ತೆಲುಗಿನಲ್ಲಿ, "ಅಕ್ಕಾ, ನೇನೂ ವಸ್ತಾನು, ಪೋದಾಂ," ಎಂದರು. ನಾನೂ ಬರ್ತೀನಿ, ಹೋಗಣ ಎಂದಷ್ಟೇ. ಅಮ್ಮ ಅತ್ತುಬಿಟ್ಟಳು. ರಾತ್ರಿ ಅಪ್ಪನಿಗೂ ತಾನೇ ಹೇಳಿದಳು. ಮರುದಿನ ಮೂವರೂ ಬೆಂಗಳೂರಿನ ಬಸ್ಸು ಹತ್ತಿದೆವು. ಮೇಡಂ ವಿಚಾರಿಸಿಟ್ಟಿದ್ದ ಹೆಂಗಸು ಡಾಕ್ಟರೇ ಆಪರೇಷನ್ ಮಾಡಿದರು. ಅಮ್ಮ ಉಳಿದಳು.

ಆಮೇಲೆ ಮೇಡಂ ಪದ ನೋಡಿ ತಡೆಯುವುದನ್ನು ಬಿಟ್ಟು, ಒಂದೊಂದೇ ಸೈಟು ತಾವೇ ತೆರೆದು ನೋಡಿ ಮುಚ್ಚತೊಡಗಿದರು. ಅಸಹ್ಯವಾಗುವುದಿಲ್ಲವೇ ಎಂದು ಕೇಳಿದೆ.

"ಆಗುತ್ತೆ. ಆದ್ರೆ ನೋಡ್ದೆ ಬಾಗ್ಲು ಹಾಕಿದ್ರೆ ನಿನ್ನಂಥೋಳು ಹೊರಗೆ ನಿಲ್ತಾಳೆ ಕಣಮ್ಮ."

ಎಷ್ಟೋ ವರ್ಷಗಳ ಮೇಲೆ, ಮೇಡಂ ತೀರಿಕೊಂಡ ದಿನ ಅಮ್ಮ ಅವರ ಮನೆಗೆ ಹೋಗಿ ಬಂದು, ತಲೆಗೆ ಸ್ನಾನ ಮಾಡಿ ನಡುಮನೆಯಲ್ಲಿ ಕೂತಳು. ಅಪ್ಪ ಊಟಕ್ಕೆ ಏನು ಮಾಡೋಣವೆಂದರು. "ಇವತ್ತು ನಮ್ಮನೇಲೂ ಒಲೆ ಹಚ್ಚಲ್ಲ," ಎಂದಳು ಅಮ್ಮ.